ಒಲೆಯ ಬಾಯಿ ಮತ್ತು ಗಾಳಿಯ ಲೆಕ್ಕ

ನಂಜನಗೂಡಿಗೂ ತಿರುಮಕೂಡಲು ನರಸೀಪುರಕ್ಕೂ ನಡುವಣ ಸೀಮೆಯಲ್ಲಿರುವ ಹದಿನಾರು ಗ್ರಾಮವನ್ನು ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾನೆ ದೂರದಿಂದ ನೋಡಿದವರಿಗೆ ಮನೆಗಳ ಮಾಡಿನ ಮೇಲೆ ತೆಳುನೀಲಿಯ ಪದರವೊಂದು ಹಾಸಿಕೊಂಡಿರುವುದು ಕಂಡುಬರುತ್ತದೆ. ಮೈಸೂರಿನ ಅರಸುಮನೆತನದ ಮೂಲಪುರುಷರಾದ ಯದುರಾಯರ ಕಥೆಯಲ್ಲಿ ಬರುವ ಹದಿನಾಡು ಇದೇ ಊರೆಂದು ಹೇಳುವ ವಾಡಿಕೆಯುಂಟು. ಆ ನೀಲಿ ಪದರದಲ್ಲಿ ಕೆರೆಯ ಮೇಲಿಂದ ಬಂದ ಮಂಜಿನ ಪಾಲು ಸ್ವಲ್ಪವಿದ್ದರೂ ಹೆಚ್ಚಿನದು ಬಚ್ಚಲುಮನೆಗಳ ಹಂಡೆಯ ಒಲೆಗಳಿಂದ ಹೊರಟ ಹೊಗೆ. ಚಳಿಗಾಲದ ನಿರ್ಮಲವಾದ ರಾತ್ರಿಗಳಲ್ಲಿ ನೆಲವು ಬೇಗನೆ ತಣಿದು, ಅದಕ್ಕೆ ಅಂಟಿದ ಗಾಳಿಯೂ ಮೇಲಿನ ಗಾಳಿಗಿಂತ ತಂಪಾಗಿ ಭಾರವಾಗುವುದರಿಂದ, ಹೊಗೆಯು ಏರಲಾರದೆ ಮಾಡಿನ ಎತ್ತರದಲ್ಲಿಯೇ ನಿಂತುಬಿಡುತ್ತದೆ. ಅದರ ನೀಲಿಗೂ ಕಾರಣವುಂಟು. ಹೊಗೆಯೆಂಬುದು ಬಹುಮಟ್ಟಿಗೆ ಟಾರಿನ ಅತಿಸೂಕ್ಷ್ಮ ಹನಿಗಳು. ಇವು ಬೆಳಕಿನ ಅಲೆಯುದ್ದಕ್ಕಿಂತ ಕಿರಿದಾದುದರಿಂದ ಆಕಾಶವು ನೀಲಿಯಾಗಿ ಕಾಣುವ ರೀತಿಯಲ್ಲಿಯೇ ಇವೂ ನೀಲಿಯನ್ನು ಹೆಚ್ಚಾಗಿ ಚೆದರಿಸುತ್ತವೆ.

ನೋಡುವುದಕ್ಕೆ ಇದು ಸೊಗಸು. ಆದರೆ ಆ ಪದರವೆಲ್ಲವೂ ಉರಿಯದೆ ಹೋದ ಸೌದೆ. ನಿನ್ನೆ ಯಾರೋ ಆಯ್ದು, ಹೊತ್ತು, ಒಣಗಿಸಿ ತಂದ ತೆಂಗಿನ ಸೋಗೆ, ಮಟ್ಟೆ, ಹಿಪ್ಪುನೇರಳೆಯ ಕಡ್ಡಿಗಳ ಒಂದು ಭಾಗವು ಹಂಡೆಯನ್ನು ಕಾಯಿಸದೆ ಆಕಾಶವನ್ನು ಸೇರಿದೆ. ಈಗ ಬಹಳ ಮನೆಗಳ ಅಡುಗೆಮನೆಯಲ್ಲಿ ಗ್ಯಾಸಿನ ಒಲೆ ಬಂದಿದೆ. 2016ರ ಮೇ ಒಂದರಂದು ಆರಂಭವಾದ ಉಜ್ವಲಾ ಯೋಜನೆಯು ಅದನ್ನು ಬಡವರ ಮನೆಗೂ ತಂದಿತು. ಆದರೂ ಸ್ನಾನದ ನೀರಿಗಾಗಿ ಸಿಲಿಂಡರನ್ನು ಖರ್ಚುಮಾಡಲು ಮನಸ್ಸು ಬಾರದೆ, ಹಿತ್ತಲಿನ ಹಂಡೆಯ ಒಲೆಯನ್ನು ಹಾಗೆಯೇ ಉಳಿಸಿಕೊಂಡಿರುವ ಮನೆಗಳು ಹಳ್ಳಿಗಳಲ್ಲಿ ಎಷ್ಟೋ ಉಂಟು. ಅಡುಗೆಯ ಒಲೆಯನ್ನು ತಿದ್ದುವುದಕ್ಕೆ ಹೊರಟವರು ಈ ಒಲೆಯ ಕಡೆಗೆ ಕಣ್ಣು ಹಾಯಿಸಿದುದು ಕಡಮೆ. ನಾವು ಇಲ್ಲಿ ವಿಚಾರಮಾಡಬೇಕೆಂದಿರುವುದು ಇದನ್ನೇ, ಅದರಲ್ಲಿಯೂ ಇದರೊಳಕ್ಕೆ ಗಾಳಿ ಹೋಗುವ ದಾರಿಯನ್ನು.

ಸೌದೆಯು ಉರಿಯುತ್ತದೆಂದು ನಾವು ಹೇಳುತ್ತೇವಷ್ಟೆ. ಸೂಕ್ಷ್ಮವಾಗಿ ನೋಡಿದರೆ ಸೌದೆಯು ಹಾಗೆ ನೇರವಾಗಿ ಉರಿಯುವುದೇ ಇಲ್ಲ. ಮೊದಲು ಅದರಲ್ಲಿರುವ ನೀರು ಆವಿಯಾಗಿ ಹೋಗಬೇಕು. ಅನಂತರ, ಸುಮಾರು 200 ಡಿಗ್ರಿ ಸೆಂಟಿಗ್ರೇಡಿನಿಂದ ಮೇಲಕ್ಕೆ, ಕಟ್ಟಿಗೆಯು ಒಡೆದು ಅದರ ತೂಕದ ಮುಕ್ಕಾಲು ಪಾಲಿಗೂ ಹೆಚ್ಚು ಅನಿಲವಾಗಿ, ಟಾರಿನ ಆವಿಯಾಗಿ ಹೊರಬೀಳುತ್ತದೆ. ಉಳಿಯುವುದು ಇದ್ದಿಲು, ಅದೇ ಕೆಂಡ. ಉರಿಯೆಂದು ನಮ್ಮ ಕಣ್ಣಿಗೆ ಕಾಣುವುದು ಆ ಹೊರಬಿದ್ದ ಅನಿಲಗಳ ಉರಿ. ಮೇಣದ ಬತ್ತಿಯೊಂದನ್ನು ಆರಿಸಿ, ತಕ್ಷಣವೇ ಮೇಲಕ್ಕೆಳುವ ಬಿಳಿಯ ಹೊಗೆಗೆ ಒಂದು ಅಂಗುಲದ ಎತ್ತರದಲ್ಲಿ ಬೆಂಕಿಕಡ್ಡಿಯನ್ನು ಹಿಡಿದರೆ, ಜ್ವಾಲೆಯು ಹೊಗೆಯ ಎಳೆಯನ್ನು ಹಿಡಿದು ಕೆಳಕ್ಕೆ ಹಾರಿ ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಹೊಗೆಯೂ ಸೌದೆಯೇ ಎಂಬುದಕ್ಕೆ ಇದಕ್ಕಿಂತ ಸುಲಭವಾದ ಸಾಕ್ಷ್ಯ ಬೇಡ. ಒಂದು ಕಿಲೋಗ್ರಾಂ ಸೌದೆಯಲ್ಲಿರುವ ಶಾಖದಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಈ ಹೊಗೆಯಲ್ಲಿದ್ದು, ಕೆಂಡದಲ್ಲಿ ಇರುವುದು ಉಳಿದ ಒಂದು ಪಾಲು ಮಾತ್ರ.

ಹೊಗೆಯಾಗಿ ಕಾಣದೆ ತಪ್ಪಿಸಿಕೊಳ್ಳುವುದೂ ಒಂದುಂಟು. 12 ಗ್ರಾಂ ಇಂಗಾಲವು ಪೂರ್ಣವಾಗಿ ಉರಿದು ಇಂಗಾಲದ ಡೈಆಕ್ಸೈಡಾದರೆ ಸುಮಾರು 94 ಕಿಲೋಕ್ಯಾಲೊರಿ ಶಾಖ ದೊರೆಯುವುದು. ಗಾಳಿ ಸಾಲದೆ ಅರ್ಧ ಉರಿದು ಮಾನಾಕ್ಸೈಡಿನಲ್ಲಿಯೇ ನಿಂತರೆ ದೊರೆಯುವುದು 26 ಮಾತ್ರ. ಉಳಿದ 68 ಕಿಲೋಕ್ಯಾಲೊರಿಯನ್ನು ಆ ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಾನಿಲವು ತನ್ನೊಡನೆ ಕೊಂಡೊಯ್ಯುವುದು. ಕೆಂಡದ ಮೇಲೆ ಆಗಾಗ ಕುಣಿಯುವ ಪುಟ್ಟ ನೀಲಿಯ ನಾಲಗೆಗಳು ಈ ಮಾನಾಕ್ಸೈಡು ಕಡೆಗೂ ಗಾಳಿಯನ್ನು ಕಂಡು ಉರಿಯುತ್ತಿರುವುದರ ಗುರುತು.

ನಮ್ಮ ಮನೆಗಳಲ್ಲಿ ಒಲೆಯ ಗಾಳಿಯನ್ನು ತಿದ್ದುವ ಮೊದಲ ಉಪಕರಣವು ಊದುಗೊಳವೆ. ಅದು ಮಾಡುವ ಕೆಲಸವನ್ನು ಗಮನಿಸಿದರೆ ವಿಷಯದ ಅರ್ಧ ತಿಳಿದಂತೆ. ಊದಿದ ಗಾಳಿಯು ಕೆಂಡದ ಬೂದಿಯನ್ನು ಹಾರಿಸಿ ಅದರ ಮೈಗೆ ಆಮ್ಲಜನಕವನ್ನು ಮುಟ್ಟಿಸುತ್ತದೆ. ಕೆಂಡವು ನಿಗಿನಿಗಿ ಎನ್ನುತ್ತದೆ. ಅದರ ಕಾವಿಗೆ ಮೇಲೆ ತುಂಬಿದ್ದ ಹೊಗೆಯು ಭಗ್ಗನೆ ಹೊತ್ತಿಕೊಳ್ಳುತ್ತದೆ. ನಮ್ಮ ಉಸಿರಿನಲ್ಲಿ ಆಮ್ಲಜನಕವು ನೂರಕ್ಕೆ 21ರ ಬದಲು 16ರಷ್ಟಕ್ಕೆ ಇಳಿದಿರುತ್ತದೆ, ನಿಜ. ಆದರೆ ಕೊಳವೆಯಿಂದ ಹೊರಟ ಧಾರೆಯು ಅಕ್ಕಪಕ್ಕದ ಹೊಸಗಾಳಿಯನ್ನೂ ಎಳೆದುಕೊಂಡು ಹೋಗುವುದರಿಂದ ಆ ಕೊರತೆಯು ತೋರುವುದಿಲ್ಲ. ಒಲೆಯಲ್ಲಿ ಗಾಳಿ ಇಲ್ಲವೆಂದು ನಾವು ಊದುವುದಲ್ಲ. ಗಾಳಿಯು ಬೇಕಾದ ಕಡೆಗೆ ಹೋಗದಿರುವುದರಿಂದ ಊದುತ್ತೇವೆ. ‘ತುಂಬ ತುರುಕಬ್ಯಾಡ ಕಣವ್ವ, ಒಲೆಗೆ ಉಸಿರು ಕಟ್ತದೆ’ ಎಂದು ಈ ಕಡೆಯ ಅಜ್ಜಿಯರು ಸೊಸೆಯರಿಗೆ ಹೇಳುವ ಮಾತಿನಲ್ಲಿ ಇದೇ ತಿಳಿವಳಿಕೆ ಅಡಗಿದೆ.

ಆದರೆ ಊದುವವರ ಮುಖವು ಹೊಗೆಯ ಬಾಯಿಯಲ್ಲಿಯೇ ಇರುವುದನ್ನು ಮರೆಯುವಂತಿಲ್ಲ. ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ವೈದ್ಯರು ಮೈಸೂರು ಜಿಲ್ಲೆಯ ಗ್ರಾಮೀಣ ಸ್ತ್ರೀಯರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಈ ವಿಷಯದಲ್ಲಿ ಬಹಳ ಉಪಯುಕ್ತವಾದುದು. ದಿನಕ್ಕೆ ಎಷ್ಟು ಗಂಟೆ ಸೌದೆಯ ಒಲೆಯ ಮುಂದೆ ಕೂರುತ್ತಾರೆ ಎಂಬುದನ್ನು, ಎಷ್ಟು ವರ್ಷಗಳಿಂದ ಹಾಗೆ ಕೂರುತ್ತಿದ್ದಾರೆ ಎಂಬುದರಿಂದ ಗುಣಿಸಿ ಬಂದ ಸಂಖ್ಯೆಯನ್ನು ಅವರು ಅಳತೆಗೋಲಾಗಿ ಇಟ್ಟುಕೊಂಡರು. ಆ ಸಂಖ್ಯೆಯು 60ನ್ನು ಮುಟ್ಟಿದ ಮೇಲೆ ಬಹುಕಾಲದ ಕೆಮ್ಮು-ಕಫದ ರೋಗದ ಅಪಾಯವು ಎದ್ದು ಕಾಣುವುದೆಂದು ಕಂಡುಬಂತು. ದಿನಕ್ಕೆ ಮೂರು ಗಂಟೆಯಂತೆ ಲೆಕ್ಕಹಾಕಿದರೆ ಇಪ್ಪತ್ತು ವರ್ಷ. ಹದಿನೆಂಟರಲ್ಲಿ ಮದುವೆಯಾಗಿ ಬಂದ ಹೆಣ್ಣುಮಗಳು ಮೂವತ್ತೆಂಟನೆಯ ವಯಸ್ಸಿಗೇ ಆ ಗಡಿಯನ್ನು ದಾಟುತ್ತಾಳೆ. ಅಡುಗೆಯ ಸೌದೆ ನಿಂತು ಹಂಡೆಯ ಒಲೆಯ ಒಂದು ಗಂಟೆ ಮಾತ್ರ ಉಳಿದರೂ ಗುಣಾಕಾರವು ನಿಲ್ಲುವುದಿಲ್ಲ, ನಿಧಾನವಾಗುವುದು ಅಷ್ಟೆ.

ಈಗ ಲೆಕ್ಕಕ್ಕೆ ಬರೋಣ. ಚೆನ್ನಾಗಿ ಒಣಗಿದ ಒಂದು ಕಿಲೋಗ್ರಾಂ ಸೌದೆಯು ಸುಮಾರು 3,600 ಕಿಲೋಕ್ಯಾಲೊರಿ ಶಾಖವನ್ನು ಕೊಡಬಲ್ಲುದು. 50 ಲೀಟರ್ ನೀರನ್ನು 30 ಡಿಗ್ರಿಯಷ್ಟು ಬಿಸಿಮಾಡಲು ಬೇಕಾದುದು 1,500 ಕಿಲೋಕ್ಯಾಲೊರಿ. ಎಂದರೆ ಅರ್ಧ ಕಿಲೋಗ್ರಾಂಗೂ ಕಡಮೆ ಸೌದೆಯಿಂದ ಒಂದು ಸಂಸಾರದ ಸ್ನಾನದ ನೀರು ಕಾಯಬೇಕು! ಆದರೆ ಮೂರು ಕಲ್ಲಿನ ಒಲೆಯೇ ಮೊದಲಾದ ತೆರೆದ ಒಲೆಗಳಲ್ಲಿ ನೂರಕ್ಕೆ 10ರಿಂದ 15 ಪಾಲು ಶಾಖ ಮಾತ್ರ ಪಾತ್ರೆಯನ್ನು ಸೇರುವುದರಿಂದ, ನಿಜವಾಗಿ ಮೂರು ಕಿಲೋಗ್ರಾಂ ಆಸುಪಾಸು ಸುಡಬೇಕಾಗುತ್ತದೆ.

ಆ ಒಂದು ಕಿಲೋಗ್ರಾಂ ಸೌದೆಯು ಪೂರ್ಣವಾಗಿ ಉರಿಯಲು ಸುಮಾರು 5 ಕಿಲೋಗ್ರಾಂ ಗಾಳಿ ಬೇಕು. ಗಾಳಿಯನ್ನು ತೂಕದಲ್ಲಿ ಹೇಳಿದರೆ ಕೆಲವರಿಗೆ ವಿಚಿತ್ರವೆನಿಸಬಹುದು. ಪ್ರಮಾಣದಲ್ಲಿ ಇದು ನಾಲ್ಕು ಘನ ಮೀಟರಿಗಿಂತ ಸ್ವಲ್ಪ ಹೆಚ್ಚು. ಇದಕ್ಕಿಂತ ಕಡಮೆಯಾದರೆ ಹೊಗೆ ಮತ್ತು ಮಾನಾಕ್ಸೈಡು. ಹೆಚ್ಚಾದರೆ? ಹೆಚ್ಚಾದರೆ ಒಳ್ಳೆಯದೇ ಅಲ್ಲವೆ ಎಂದು ಸಾಮಾನ್ಯವಾಗಿ ಭಾವಿಸುವರು. ತಪ್ಪು ಇರುವುದು ಇಲ್ಲಿಯೇ. ಬೇಕಾದಷ್ಟೇ ಗಾಳಿ ಇದ್ದಾಗ 3,600 ಕಿಲೋಕ್ಯಾಲೊರಿಯು ಸೌದೆ, ಗಾಳಿ ಸೇರಿ ಆರು ಕಿಲೋಗ್ರಾಂ ಅನಿಲವನ್ನು ಕಾಯಿಸುತ್ತದೆ. ಯಾವ ನಷ್ಟವೂ ಇಲ್ಲವೆಂದು ಇಟ್ಟುಕೊಂಡರೆ ಆ ಅನಿಲದ ಉಷ್ಣತೆಯು ಸುಮಾರು 1,800 ಡಿಗ್ರಿ ಆಗಬೇಕು. ಗಾಳಿ ಎರಡರಷ್ಟಾದರೆ ಅಷ್ಟೇ ಶಾಖವು ಹನ್ನೊಂದು ಕಿಲೋಗ್ರಾಂಗೆ ಹಂಚಿಹೋಗಿ ಉಷ್ಣತೆಯು 1,100ಕ್ಕೆ ಇಳಿಯುವುದು. ನಾಲ್ಕರಷ್ಟಾದರೆ 650. ಇದರಲ್ಲಿ ಗೋಡೆಗೂ ಹಂಡೆಗೂ ಹೋಗುವ ಶಾಖವನ್ನು ಕಳೆಯಿರಿ. ಹೊಗೆಯಲ್ಲಿರುವ ಅನಿಲಗಳು ಹೊತ್ತಿಕೊಳ್ಳಲು 600 ಡಿಗ್ರಿಗೂ ಮೇಲಿನ ಕಾವು ಬೇಕು. ಆದ್ದರಿಂದ ಗಾಳಿ ಸಾಲದಿದ್ದರೂ ಹೊಗೆ, ಗಾಳಿ ವಿಪರೀತವಾದರೂ ಹೊಗೆ! ಎರಡನೆಯ ಸಂದರ್ಭದಲ್ಲಿ ಆಮ್ಲಜನಕ ಬೇಕಾದಷ್ಟಿದೆ. ಉರಿಯುವ ಬಿಸಿ ಇಲ್ಲ.

ಹಸಿಸೌದೆಯ ವಿಚಾರವೂ ಇದಕ್ಕೆ ಸೇರಿದ್ದೇ. ಹಸಿಸೌದೆಯ ನೀರನ್ನು ಆವಿಮಾಡುವುದರಲ್ಲಿ ಶಾಖವೆಲ್ಲ ಹೋಗುತ್ತದೆಂದು ಹೇಳುವುದುಂಟು. ಲೆಕ್ಕಹಾಕಿದರೆ, ತೂಕದಲ್ಲಿ ನೂರಕ್ಕೆ 40 ಪಾಲು ನೀರಿರುವ ಸೌದೆಯಲ್ಲಿಯೂ ಈ ಖರ್ಚು ಅದರ ಒಟ್ಟು ಶಾಖದ ಹತ್ತನೆಯ ಒಂದು ಪಾಲಿನ ಸುಮಾರು ಮಾತ್ರ. ನಿಜವಾದ ಹಾನಿಯೆಂದರೆ ಆ ಆವಿಯು ಉರಿಯ ನಡುವೆಯೇ ಹುಟ್ಟಿ, ಹೊಗೆ ಹೊತ್ತಬೇಕಾದ ಜಾಗವನ್ನು ತಂಪುಮಾಡುವುದು. ಹತ್ತು ಪಾಲು ಶಾಖವನ್ನು ತಾನು ತಿಂದು, ಮೂವತ್ತು ಪಾಲನ್ನು ಉರಿಯಗೊಡದೆ ಹೊರಗಟ್ಟುವ ಶತ್ರು ಅದು.

ಹಂಡೆಯ ಒಲೆಯ ಬಾಯಿಯ ಅಳತೆಯನ್ನು ಈ ಬೆಳಕಿನಲ್ಲಿ ನೋಡೋಣ. ಒಲೆಯೊಳಗಿನ ಬಿಸಿ ಅನಿಲವು ಹಗುರವಾದುದರಿಂದ ಮೇಲಕ್ಕೇರುವುದು. ಆ ತೆರವನ್ನು ತುಂಬಲು ಹೊರಗಿನ ಗಾಳಿಯು ಬಾಯಿಯ ಮೂಲಕ ಒಳನುಗ್ಗುವುದು. ಈ ಸೆಳೆತದ ಬಲವೆಷ್ಟು? ಒಲೆಯೊಳಗೆ 40 ಸೆಂಟಿಮೀಟರ್ ಎತ್ತರದವರೆಗೆ 600 ಡಿಗ್ರಿಯ ಅನಿಲವಿದ್ದರೆ ಒಳಹೊರಗಿನ ಒತ್ತಡದ ಅಂತರವು ನೀರಿನ ಮಟ್ಟದಲ್ಲಿ ಮಿಲಿಮೀಟರಿನ ಹತ್ತನೆಯ ಮೂರು ಪಾಲು. ಮೂರು ಕಾಗದದ ಹಾಳೆಗಳ ದಪ್ಪ! ಇಷ್ಟು ಅಲ್ಪವಾದ ಒತ್ತಡವು ಕೂಡ, ಅಡೆತಡೆಗಳನ್ನು ಕಳೆದು, ಸೆಕೆಂಡಿಗೆ ಒಂದು ಮೀಟರಿನಷ್ಟು ವೇಗದಲ್ಲಿ ಗಾಳಿಯನ್ನು ಒಳಕ್ಕೆ ಎಳೆಯಬಲ್ಲುದು. ಗಂಟೆಗೆ ಎರಡು ಕಿಲೋಗ್ರಾಂ ಸೌದೆ ಉರಿಯುವ ಒಲೆಗೆ ಸೆಕೆಂಡಿಗೆ ಎರಡೂವರೆ ಲೀಟರಿಗಿಂತ ತುಸು ಕಡಮೆ ಗಾಳಿ ಸಾಕು. ಬೆರಕೆಯು ಎಂದಿಗೂ ಪರಿಪೂರ್ಣವಾಗಿರದಾದ ಕಾರಣ ಅದರ ಒಂದೂವರೆ ಪಟ್ಟು ಕೊಡೋಣ. ಇದಕ್ಕೆ ಬೇಕಾದ ರಂಧ್ರವು 36 ಚದರ ಸೆಂಟಿಮೀಟರ್, ಅಂದರೆ ಆರು ಸೆಂಟಿಮೀಟರ್ ಉದ್ದ, ಆರು ಸೆಂಟಿಮೀಟರ್ ಅಗಲ. ನಮ್ಮ ಹಂಡೆಯ ಒಲೆಗಳ ಬಾಯಿಯೋ ಒಂದು ಗೇಣು ಅಗಲ, ಒಂದು ಗೇಣು ಎತ್ತರ. 400 ಚದರ ಸೆಂಟಿಮೀಟರಿಗೆ ಕಡಮೆಯಿಲ್ಲ. ಬೇಕಾದುದರ ಹತ್ತು ಪಟ್ಟು! ಸೌದೆಯ ತುಂಡುಗಳೂ, ಹಂಡೆಯ ಸುತ್ತಿನ ಇಕ್ಕಟ್ಟಾದ ಸಂದೂ ತಡೆಯುವುದರಿಂದ ಗಾಳಿಯು ಹತ್ತು ಪಟ್ಟು ಹೋಗುವುದಿಲ್ಲ, ನಿಜ. ಆದರೆ ಹೋಗುವುದು ಎಲ್ಲಿಗೆ? ಸೌದೆಯ ಮೇಲಿನ ತೆರವಿನಿಂದ ನೇರವಾಗಿ ಹಂಡೆಯ ತಳಕ್ಕೆ. ಕೆಂಡವಿರುವುದು ಕೆಳಗೆ, ಬೂದಿಯಲ್ಲಿ ಹುದುಗಿ. ಅಲ್ಲಿಗೆ ಗಾಳಿಯೇ ಇಲ್ಲ. ಹೀಗೆ ಒಂದೇ ಒಲೆಯಲ್ಲಿ ಕೆಳಗೆ ಗಾಳಿಯ ಬರ, ಮೇಲೆ ಗಾಳಿಯ ಪ್ರವಾಹ. ಗಾಳಿಯು ಕಾವನ್ನೂ ಹೊಗೆಯನ್ನೂ ಒಟ್ಟಿಗೆ ಗುಡಿಸಿಕೊಂಡು ಹೊರಟುಹೋಗುತ್ತದೆ.

ಹೊಗೆಗೊಳವೆಯನ್ನು ಕಟ್ಟಿಸಿದರೆ ಎಲ್ಲವೂ ಸರಿಹೋಗುವುದೆಂಬ ನಂಬಿಕೆಯೊಂದು ಬಹುಕಾಲದಿಂದ ಇದೆ. ಮೂರು ಮೀಟರ್ ಎತ್ತರದ ಕೊಳವೆಯಲ್ಲಿ 150 ಡಿಗ್ರಿಯ ಅನಿಲವಿದ್ದರೆ ಸೆಳೆತವು ನೀರಿನ ಮಟ್ಟದಲ್ಲಿ ಒಂದು ಮಿಲಿಮೀಟರ್. ಕೊಳವೆಯಿಲ್ಲದ ಒಲೆಯ ಮೂರರಷ್ಟು. ಬಾಯಿಯನ್ನು ಹಾಗೆಯೇ ತೆರೆದಿಟ್ಟು ಸೆಳೆತವನ್ನು ಮಾತ್ರ ಹೆಚ್ಚಿಸಿದರೆ ತಣ್ಣನೆಯ ಗಾಳಿಯು ಇನ್ನೂ ಹೆಚ್ಚಾಗಿ ನುಗ್ಗುವುದಷ್ಟೆ. ಕೋಣೆಯ ಹೊಗೆ ಹೊರಗೆ ಹೋಗುತ್ತದೆ, ಅದು ದೊಡ್ಡ ಉಪಕಾರವೇ ಸರಿ. ಸೌದೆಯ ಖರ್ಚು ಇಳಿಯುವುದಿಲ್ಲ, ಕೆಲವೆಡೆ ಏರುವುದೂ ಉಂಟು.

ಈ ಸೀಮೆಯ ವಾಚಕರು ಆಲೆಮನೆಯನ್ನು ಕಂಡೇ ಇರುತ್ತಾರೆ. ಕೊಪ್ಪರಿಗೆಯ ಕೆಳಗಿನ ಗುಂಡಿಗೆ ಒಣಗಿದ ಕಬ್ಬಿನ ಸಿಪ್ಪೆಯನ್ನು ಒಬ್ಬಾತನು ಹಿಡಿಹಿಡಿಯಾಗಿ ಎಸೆಯುತ್ತ ಕುಳಿತಿರುವನು. ಆಗ ಕಣ್ಣನ್ನು ಕೊಪ್ಪರಿಗೆಯ ಮೇಲಿಡದೆ ಹೊಗೆಗೂಡಿನ ತುದಿಯಲ್ಲಿಡಬೇಕು. ಪ್ರತಿ ಎಸೆತದ ಬೆನ್ನಿಗೇ ಒಂದು ಕರಿಯ ಮುದ್ದೆ ಹೊರಬೀಳುತ್ತದೆ. ತುಸು ಹೊತ್ತಿನಲ್ಲಿ ಹೊಗೆ ತಿಳಿಯಾಗಿ ಬರಿಯ ಬಿಸಿಗಾಳಿಯ ನಡುಕ ಮಾತ್ರ ಉಳಿಯುತ್ತದೆ. ಮತ್ತೆ ಎಸೆತ, ಮತ್ತೆ ಮುದ್ದೆ. ಸಿಪ್ಪೆಯು ಒಳಬಿದ್ದ ಕ್ಷಣದಲ್ಲಿಯೇ ತನ್ನ ಅನಿಲವನ್ನೆಲ್ಲ ಒಟ್ಟಿಗೆ ಉಗುಳಿಬಿಡುತ್ತದೆ. ಗಾಳಿಯಾದರೋ ಒಂದೇ ಸಮನಾಗಿ ಬರುತ್ತಿರುತ್ತದೆ. ಆ ಕ್ಷಣಕ್ಕೆ ಗಾಳಿ ಸಾಲದು, ಮರುಕ್ಷಣಕ್ಕೆ ಹೆಚ್ಚು. ಮನೆಯ ಒಲೆಯಲ್ಲಿ ನಾಲ್ಕು ಸೋಗೆಗಳನ್ನು ಒಟ್ಟಿಗೆ ತಳ್ಳಿ ಬೇರೆ ಕೆಲಸಕ್ಕೆ ಹೋದಾಗ ನಡೆಯುವುದೂ ಇದೇ. ಎಷ್ಟೇ ಚತುರತೆಯಿಂದ ಗಾಳಿಯ ರಂಧ್ರವನ್ನು ಮಾಡಿದರೂ ಸೌದೆಯನ್ನು ಅಳತೆಯಿಂದ ಹಾಕದಿದ್ದರೆ ಅದು ವ್ಯರ್ಥ.

ಹಾಗಾದರೆ ಗಾಳಿಯು ಹೇಗೆ ಬರಬೇಕು? ಎರಡು ದಾರಿಗಳಲ್ಲಿ ಬರಬೇಕು. ಒಂದು ಕೆಂಡದ ಅಡಿಯಿಂದ. ಇದನ್ನು ಅಡಿಗಾಳಿ ಎನ್ನೋಣ. ಇನ್ನೊಂದು ಹೊಗೆಯು ಹುಟ್ಟುವ ಜಾಗದ ಮೇಲಿನಿಂದ, ಇದು ಮೇಲುಗಾಳಿ. ಲೆಕ್ಕದಂತೆ ಕೆಂಡಕ್ಕೆ ಬೇಕಾದುದು ಒಟ್ಟು ಗಾಳಿಯ ಮೂರನೆಯ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು, ಉಳಿದುದೆಲ್ಲ ಹೊಗೆಗೆ. ಮೇಲುಗಾಳಿಯು ತಣ್ಣಗೆ ಒಂದೇ ದೊಡ್ಡ ಬಾಯಿಯಿಂದ ಬಂದರೆ ಪ್ರಯೋಜನವಿಲ್ಲ. ಬಿಸಿಗೋಡೆಯ ಮೂಲಕ ಹಾಯ್ದು ಕಾದು, ಬೆರಳ ದಪ್ಪದ ಹಲವು ರಂಧ್ರಗಳಿಂದ ಚುಚ್ಚುವಂತೆ ಬಂದರೆ ಮಾತ್ರ ಹೊಗೆಯೊಡನೆ ಬೆರೆಯುತ್ತದೆ. ಬೆರೆತ ಮೇಲೆ ಉರಿದು ಮುಗಿಯಲು ಸ್ವಲ್ಪ ಸ್ಥಳವೂ ಬೇಕು. ಹಂಡೆಯ ತಳವು ತೀರ ಹತ್ತಿರವಿದ್ದರೆ ಜ್ವಾಲೆಯು ಅದಕ್ಕೆ ತಗುಲಿ ತಣಿದು ಮಸಿಯಾಗಿ ಅಂಟಿಕೊಳ್ಳುವುದು. ಬಿಸಿ, ಬೆರಕೆ, ಬಿಡುವು ಈ ಮೂರೂ ಕೂಡಿಬರಬೇಕು.

ಇದು ಹೊಸ ಜ್ಞಾನವೇನೂ ಅಲ್ಲ. ಶಾಖವು ಚಲನೆಯ ಒಂದು ರೂಪವೆಂದು ಫಿರಂಗಿಗಳನ್ನು ಕೊರೆಯಿಸುತ್ತ ಕಂಡುಕೊಂಡ ಕೌಂಟ್ ರಮ್‌ಫರ್ಡ್ (1753-1814) ಭೌತವಿಜ್ಞಾನದ ವಿದ್ಯಾರ್ಥಿಗಳಿಗೆಲ್ಲ ಪರಿಚಿತನು. ಅದೇ ಕಾಲದಲ್ಲಿ, 18ನೆಯ ಶತಮಾನದ ಕೊನೆಯ ದಶಕದಲ್ಲಿ, ಅವನು ಬವೇರಿಯದ ಅಡುಗೆಮನೆಗಳ ಬೆಂಕಿಯನ್ನು ಗೂಡಿನೊಳಗೆ ಮುಚ್ಚಿ, ಕಂಬಿಗಳ ಜಾಲರಿಯ ಮೇಲೆ ಸೌದೆಯಿಟ್ಟು, ಬೂದಿಗುಂಡಿಯ ಬಾಗಿಲಿನಿಂದ ಗಾಳಿಯನ್ನು ಹತೋಟಿಯಲ್ಲಿಟ್ಟದ್ದು ಅಷ್ಟಾಗಿ ಯಾರಿಗೂ ನೆನಪಿಲ್ಲ. ನಮ್ಮ ದೇಶದಲ್ಲಿ ಹೈದರಾಬಾದಿನ ಇಂಜಿನಿಯರಿಂಗ್ ಸಂಶೋಧನಾಲಯದ ಎಸ್. ಪಿ. ರಾಜು ಅವರು 1950ರ ದಶಕದ ಆರಂಭದಲ್ಲಿ ಹೊಗೆಯಿಲ್ಲದ ಮಣ್ಣಿನ ಒಲೆಯೊಂದನ್ನು ಪ್ರಚಾರಕ್ಕೆ ತಂದರು.

ಕರ್ನಾಟಕದಲ್ಲಿ ಈ ಕೆಲಸವನ್ನು ಶಾಸ್ತ್ರೀಯವಾಗಿ ಕೈಗೆತ್ತಿಕೊಂಡದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ‘ಅಸ್ತ್ರ’ ಕೇಂದ್ರ. ಪ್ರೊಫೆಸರ್ ಅಮೂಲ್ಯ ರೆಡ್ಡಿಯವರು 1974ರಲ್ಲಿ ಇದನ್ನು ಕಟ್ಟಿದರು. ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಅದರ ಕ್ಷೇತ್ರಕೇಂದ್ರವಿತ್ತು. ಅಲ್ಲಿನ ಹಳ್ಳಿಗಳಲ್ಲಿ ಅವರು ನಡೆಸಿದ ಸಮೀಕ್ಷೆಯು ಊರಿನ ಒಟ್ಟು ಇಂಧನ ವೆಚ್ಚದಲ್ಲಿ ಐದರಲ್ಲಿ ನಾಲ್ಕು ಪಾಲು ಸೌದೆಯೇ ಎಂದು ತೋರಿಸಿತು. ವಿದ್ಯುತ್ತಿನ ಬಗೆಗೆ ಮಾತನಾಡುತ್ತಿದ್ದವರೆಲ್ಲ ಒಲೆಯ ಬಗೆಗೆ ಮಾತನಾಡಬೇಕಾಯಿತು. ಎಸ್. ಎಸ್. ಲೋಕ್ರಾಸ್, ಕೆ. ಎಸ್. ಜಗದೀಶ್ ಮೊದಲಾದವರು ಕೂಡಿ ರೂಪಿಸಿ 1983ರಲ್ಲಿ ವರದಿಮಾಡಿದ ಮೂರು ಪಾತ್ರೆಗಳ ‘ಅಸ್ತ್ರ ಒಲೆ’ಯಲ್ಲಿ ಮೇಲೆ ಹೇಳಿದ ತತ್ತ್ವಗಳು ಮೈತಾಳಿದುವು. ಬೆಂಕಿಯ ಗೂಡು ಮುಚ್ಚಿದ್ದು. ಸೌದೆಗೆ ಬೇರೆ ಬಾಯಿ, ಗಾಳಿಗೆ ಜಾಲರಿಯ ಕೆಳಗೆ ಬೇರೆ ದಾರಿ. ಬಿಸಿ ಅನಿಲವು ಎರಡನೆಯ, ಮೂರನೆಯ ಪಾತ್ರೆಗಳ ತಳವನ್ನು ಸವರಿಕೊಂಡು ಹೊಗೆಗೊಳವೆಗೆ ಹೋಗುವ ಏರ್ಪಾಡು. ಹಳೆಯ ಒಲೆಗಳ ಎರಡು ಮೂರು ಪಟ್ಟು ದಕ್ಷತೆ ಅದರಲ್ಲಿ ದೊರೆಯಿತು. ಕೇಂದ್ರ ಸರ್ಕಾರವು ಅದೇ ದಶಕದಲ್ಲಿ ಆರಂಭಿಸಿ 2002ರವರೆಗೆ ನಡೆಸಿದ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ದೇಶಾದ್ಯಂತ ಮೂರು ಕೋಟಿಗೂ ಹೆಚ್ಚು ನಾನಾ ಬಗೆಯ ಒಲೆಗಳನ್ನು ಕಟ್ಟಲಾಯಿತು.

ಅವುಗಳಲ್ಲಿ ಎಷ್ಟೋ ಒಲೆಗಳು ಬಾಳಲಿಲ್ಲ. ಇದಕ್ಕೆ ಹೆಂಗಸರ ಅಜ್ಞಾನವನ್ನು ಕಾರಣವಾಗಿ ಹೇಳುವುದು ಸುಲಭ. ನಮಗೆ ಅದು ಒಪ್ಪಿಗೆಯಿಲ್ಲ. ಸಣ್ಣ ಬಾಯಿಯ ಒಲೆಗೆ ಸೌದೆಯನ್ನು ಸಣ್ಣಗೆ ಸೀಳಬೇಕು. ಮನೆಯಲ್ಲಿ ಕೊಡಲಿ ಹಿಡಿಯುವವರು ಹೊಲಕ್ಕೆ ಹೋದ ಮೇಲೆ ಒಲೆಯ ಮುಂದಿರುವವರಿಗೆ ಸಿಕ್ಕುವುದು ದಪ್ಪ ಬೊಡ್ಡೆ ಮತ್ತು ಉದ್ದ ಸೋಗೆ. ಅವು ಒಳಗೆ ಹೋಗದಿದ್ದಾಗ ಬಾಯಿಯ ಮಣ್ಣನ್ನು ಕೆತ್ತಿ ದೊಡ್ಡದು ಮಾಡಿಕೊಳ್ಳುವುದು ಸಹಜ. ಜಾಲರಿಯ ಕೆಳಗಿನ ಗುಂಡಿಯು ಬೂದಿಯಿಂದ ತುಂಬಿದರೆ ಅಡಿಗಾಳಿ ನಿಲ್ಲುವುದು; ಕೊಳವೆಯಲ್ಲಿ ಮಸಿ ಕಟ್ಟಿದರೆ ಹೊಗೆ ಹಿಂದಕ್ಕೆ ಬರುವುದು. ಹೀಗೆ ಒಲೆಯು ಒಂದೆರಡು ವರ್ಷಗಳಲ್ಲಿ ತನ್ನ ಹಳೆಯ ರೂಪಕ್ಕೇ ಮರಳುತ್ತಿತ್ತು. ಕಟ್ಟುವವರು ಬಂದುಹೋಗಿ ರಿಪೇರಿ ಮಾಡುವವರು ಬಾರದಿದ್ದುದೇ ದೊಡ್ಡ ಕೊರತೆಯೆಂದು ನಮ್ಮ ಅಭಿಪ್ರಾಯ.

ವಿಜ್ಞಾನ ಮಂದಿರದಲ್ಲಿಯೇ ಎಚ್. ಎಸ್. ಮುಕುಂದ ಅವರೂ ಯು. ಶ್ರೀನಿವಾಸ ಅವರೂ ಒಂದೇ ಪಾತ್ರೆಯ ‘ಸ್ವಸ್ಥಿ’ ಒಲೆಯನ್ನು 1980ರ ದಶಕದಲ್ಲಿ ರೂಪಿಸಿದರು. ವಿಮಾನ, ರಾಕೆಟ್ಟುಗಳ ದಹನವನ್ನು ಅಭ್ಯಾಸಮಾಡಿದವರು ಒಲೆಯ ಮುಂದೆ ಕುಳಿತದ್ದು ಸಂತೋಷದ ವಿಷಯ. ಅಲ್ಲಿಂದಲೇ ಮುಂದೆ, 2006ರ ಸುಮಾರಿಗೆ, ಬಿ.ಪಿ. ಕಂಪನಿಯೊಡನೆ ಕೂಡಿ ‘ಊರ್ಜಾ’ ಎಂಬ ಒಲೆ ಹೊರಬಂತು. ಅದರಲ್ಲಿ ಬ್ಯಾಟರಿಯಿಂದ ತಿರುಗುವ ಪುಟ್ಟ ಪಂಖವೊಂದು ಸ್ವಲ್ಪ ಗಾಳಿಯನ್ನು ಅಡಿಯಿಂದಲೂ, ಉಳಿದುದನ್ನು ಮೇಲಿನ ಬಳೆಯ ರಂಧ್ರಗಳಿಂದಲೂ ಊದುವುದು. ಅಡಿಗಾಳಿ-ಮೇಲುಗಾಳಿಗಳ ಪಾಠವನ್ನು ಅಷ್ಟು ಸ್ಪಷ್ಟವಾಗಿ ತೋರುವ ಯಂತ್ರ ಇನ್ನೊಂದಿಲ್ಲ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡುಗಳಲ್ಲಿ ಸುಮಾರು ನಾಲ್ಕು ಲಕ್ಷ ಒಲೆಗಳು ಮಾರಾಟವಾದುವು. ಆದರೆ ಅದಕ್ಕೆ ಬೇಕಾದ ಒತ್ತಿದ ಉಂಡೆಗಳನ್ನು ಹಣ ಕೊಟ್ಟು ಕೊಳ್ಳಬೇಕಾಗಿತ್ತು. ಉಂಡೆಯ ಬೆಲೆ ಏರಿದಾಗ ಒಲೆ ಮೂಲೆ ಸೇರಿತು. ಹಿತ್ತಲಿನಲ್ಲಿ ಬಿದ್ದ ಸೋಗೆಗೆ ಬೆಲೆಯೇರುವ ಭಯವಿಲ್ಲ.

ಇರಲಿ, ನಮ್ಮ ಹಂಡೆಯ ಒಲೆಗೆ ಬರೋಣ. ಇದನ್ನು ತಿದ್ದುವುದು ಅಡುಗೆಯ ಒಲೆಗಿಂತ ಸುಲಭ. ಇಲ್ಲಿ ಪಾತ್ರೆ ಬದಲಾಗುವುದಿಲ್ಲ, ಉರಿಯನ್ನು ಹೆಚ್ಚು ಕಡಮೆ ಮಾಡುವ ಅಗತ್ಯವಿಲ್ಲ, ರೊಟ್ಟಿ ಸೀದುಹೋಗುವ ಭಯವಿಲ್ಲ. ಒಲೆಯನ್ನು ಒಡೆಯಬೇಕಾದುದೂ ಇಲ್ಲ. ಈಗಿರುವ ಬಾಯಿಯನ್ನು ಅಡ್ಡಲಾಗಿ ಎರಡು ಮಾಡಿದರೆ ಸಾಕು. ನೆಲದಿಂದ ನಾಲ್ಕು ಅಂಗುಲ ಎತ್ತರಕ್ಕೆ ಎರಡೂ ಬದಿಯಲ್ಲಿ ಇಟ್ಟಿಗೆಯಿಟ್ಟು, ಅದರ ಮೇಲೆ ಕಟ್ಟಡಕ್ಕೆ ಬಳಸುವ 10 ಮಿಲಿಮೀಟರಿನ ಕಬ್ಬಿಣದ ಕಂಬಿಗಳನ್ನು ಬೆರಳು ಸಂದು ಬಿಟ್ಟು ಜೋಡಿಸಬೇಕು. ಸಾದಾ ಕಂಬಿಯು ಕಾವಿಗೆ ಬಾಗಿ ಪದರಪದರವಾಗಿ ಉದುರುವುದರಿಂದ ಕಾಲಕಾಲಕ್ಕೆ ಬದಲಾಯಿಸಬೇಕಾಗುವುದು. ಎರಕದ ಜಾಲರಿ ಸಿಕ್ಕಿದರೆ ಉತ್ತಮ. ಕಂಬಿಗಳಿಗೂ ಹಂಡೆಯ ತಳಕ್ಕೂ ನಡುವೆ ಸುಮಾರು ಒಂದು ಗೇಣು ಉಳಿಯಬೇಕು. ಅಷ್ಟು ಎತ್ತರವಿಲ್ಲದಿದ್ದರೆ ಇಟ್ಟಿಗೆಯನ್ನು ಹಾಕುವ ಬದಲು ನೆಲವನ್ನೇ ಅಗೆದು ಬೂದಿಗುಂಡಿಯನ್ನು ಮಾಡುವುದು ಲೇಸು. ಸೌದೆಯು ಕಂಬಿಗಳ ಮೇಲಿನ ಬಾಯಿಯಿಂದ ಹೋಗಲಿ. ಆ ಬಾಯಿಗೆ ಹಳೆಯ ಎಣ್ಣೆಡಬ್ಬಿಯ ತಗಡಿನ ಮುಚ್ಚಳವನ್ನು, ಸೌದೆ ತೂರುವಷ್ಟು ಕತ್ತರಿಸಿ ಒರಗಿಸಿದರಾಯಿತು. ಬೆರಳ ದಪ್ಪದ ಐದಾರು ರಂಧ್ರಗಳನ್ನು ಆ ತಗಡಿನ ಮೇಲಂಚಿನಲ್ಲಿ ಕೊರೆದರೆ ಅವೇ ಮೇಲುಗಾಳಿಯ ದಾರಿ. ಕೆಳಗಿನ ಬಾಯಿಗೆ ಒಂದು ಇಟ್ಟಿಗೆ; ಅದನ್ನು ಪಕ್ಕಕ್ಕೆ ಸರಿಸಿ ಹೊಂದಿಸಬೇಕು.

ಎಷ್ಟು ಸರಿಸಬೇಕೆಂಬುದನ್ನು ಹೊಗೆಯೇ ಹೇಳುವುದು. ಹೊಗೆ ಕಪ್ಪಾಗಿ ಜ್ವಾಲೆಯು ಮಂಕಾಗಿ ಉದ್ದಕ್ಕೆ ಚಾಚಿದರೆ ಗಾಳಿ ಸಾಲದು. ಜ್ವಾಲೆಯು ಗಿಡ್ಡವಾಗಿ ಒರಲುತ್ತ, ಹಂಡೆಯ ಸಂದಿನಿಂದ ಬಿಳಿಯ ಹೊಗೆ ಬರುತ್ತಿದ್ದರೆ ಸೌದೆ ಹಸಿಯಾಗಿದೆ, ಇಲ್ಲವೆ ಮೇಲಿನ ಬಾಯಿಯಿಂದ ತಣ್ಣನೆಯ ಗಾಳಿ ಹೆಚ್ಚಾಗಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಾಯಿಯನ್ನು ಕಿರಿದು ಮಾಡಬೇಕೆಂದರೆ ಮುಚ್ಚಿಬಿಡಬೇಕೆಂದಲ್ಲ. ಸೌದೆ ತುಂಬಿದ ಒಲೆಯ ಎರಡು ಬಾಯಿಗಳನ್ನೂ ಮುಚ್ಚಿದರೆ ಅದು ಮಾನಾಕ್ಸೈಡನ್ನು ತಯಾರಿಸುವ ಯಂತ್ರವಾಗುವುದು. ಈ ಅನಿಲವು ರಕ್ತದ ಹಿಮೊಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಒಲೆಯ ಬಾಯಿ ಬಚ್ಚಲುಮನೆಯ ಒಳಗಿದ್ದು, ಚಳಿಗೆಂದು ಬಾಗಿಲು ಕಿಟಕಿಗಳನ್ನು ಮುಚ್ಚಿ ಸ್ನಾನಮಾಡುವ ಮನೆಗಳಲ್ಲಿ ಅಪಾಯ ಹೆಚ್ಚು. ಹೊಗೆ ಕಾಣದ, ಕೆಂಡ ಮಾತ್ರ ಉಳಿದ ಹೊತ್ತಿನಲ್ಲಿಯೇ ಮಾನಾಕ್ಸೈಡು ಸದ್ದಿಲ್ಲದೆ ಹುಟ್ಟುತ್ತಿರುವುದು. ಹಿಂದಿನವರು ಹಂಡೆಯ ಒಲೆಯ ಬಾಯಿಯನ್ನು ಹಲವು ಮನೆಗಳಲ್ಲಿ ಗೋಡೆಯಾಚೆಗೆ, ಹಿತ್ತಲಿನ ಕಡೆಗೆ ಇಟ್ಟಿರುವುದು ಬಹಳ ವಿವೇಕದ ಕೆಲಸ. ಇನ್ನು ಚೆನ್ನಾಗಿ ಉರಿಯುವ ಒಲೆಯಿಂದಲೂ ಹೊಗೆ ಕಡಮೆಯಾಗುವುದೇ ಹೊರತು ಇಲ್ಲವಾಗುವುದಿಲ್ಲ. ಮನೆಯೊಳಗಿನ ಅಡುಗೆಗೆ ಗ್ಯಾಸು ಇರುವವರು ಅದನ್ನು ಬಿಟ್ಟು ಇದಕ್ಕೆ ಮರಳಬೇಕೆಂದು ನಾವು ಹೇಳುತ್ತಿಲ್ಲ.

ತಿದ್ದಿದ ಒಲೆಯು ಮೊದಲಿಗಿಂತ ಮೇಲೋ ಅಲ್ಲವೋ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಮಕ್ಕಳು ಶಾಲೆಯಲ್ಲಿ ವಿಜ್ಞಾನ ಓದುವವರಾದರೆ ಅವರಿಗೇ ವಹಿಸಬಹುದು. ಹಂಡೆಗೆ ಕೊಡದಲ್ಲಿ ಅಳೆದು ಒಂದೇ ಪ್ರಮಾಣದ ನೀರನ್ನು ತುಂಬಬೇಕು. ಒಂದೇ ರಾಶಿಯ ಸೌದೆಯನ್ನು ತಕ್ಕಡಿಯಲ್ಲಿ ತೂಗಿಡಬೇಕು. ನೀರು ನಿಗದಿಯಾದ ಉಷ್ಣತೆಗೆ, 50 ಡಿಗ್ರಿಗೆ ಎಂದಿಟ್ಟುಕೊಳ್ಳಿ, ಬಂದೊಡನೆ ಬೆಂಕಿಯನ್ನು ಹೊರತೆಗೆದು ಮರಳಿನಲ್ಲಿ ಆರಿಸಿ, ಉಳಿದ ಸೌದೆಯನ್ನೂ ಇದ್ದಿಲನ್ನೂ ಬೇರೆಬೇರೆ ತೂಗಬೇಕು. ಇದ್ದಿಲನ್ನು ತೂಗದಿದ್ದರೆ ಲೆಕ್ಕ ಕೆಡುವುದು. ಏಕೆಂದರೆ ಒಂದು ತೂಕದ ಇದ್ದಿಲಿನಲ್ಲಿ ಅಷ್ಟೇ ತೂಕದ ಸೌದೆಯ ಸುಮಾರು ಎರಡರಷ್ಟು ಶಾಖವಿರುತ್ತದೆ. ಹಳೆಯ ಒಲೆಯಲ್ಲಿ ಮೂರು ಬೆಳಗು, ಹೊಸದರಲ್ಲಿ ಮೂರು ಬೆಳಗು ಹೀಗೆ ಮಾಡಿ ಸರಾಸರಿ ತೆಗೆಯಬೇಕು. ಒಂದು ದಿನದ ಗಾಳಿ, ಒಂದು ದಿನದ ಸೌದೆ ನಮ್ಮನ್ನು ಮೋಸಗೊಳಿಸಬಲ್ಲುದು. ಮೊದಲ ದಿನ ತಣ್ಣಗಿದ್ದ ಒಲೆಯ ಗೋಡೆಯು ತಾನೇ ಬಹಳಷ್ಟು ಶಾಖವನ್ನು ಹೀರುವುದರಿಂದ ಅಂದಿನ ಲೆಕ್ಕವನ್ನು ಬಿಡುವುದು ಒಳಿತು. ಜೂನ್ ತಿಂಗಳ ಮಳೆ ಹಿಡಿದು ತೆಂಗಿನ ಮಟ್ಟೆ ನೆನೆದ ಮೇಲೆ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿದರೆ, ಬೇಸಗೆಯಲ್ಲಿ ಸರಿಯಾಗಿದ್ದ ಇಟ್ಟಿಗೆಯ ಸಂದು ಆಗ ಎರಡು ಬೆರಳಿನಷ್ಟು ಹೆಚ್ಚು ಬೇಕಾಗುವುದು ಕಂಡುಬಂದರೆ ಆಶ್ಚರ್ಯವಿಲ್ಲ.